ಗುಳ್ಳೆ ನಿಂತಿತು ಅಂತ ಬಿಯರ್ ಚೆಲ್ಲಬೇಡಿ

ಮಿನಿಯಾಪೊಲಿಸ್‌ನಲ್ಲಿ ಜನವರಿ ತಿಂಗಳು. ಹೊರಗೆ ಮೈನಸ್ 20 ಡಿಗ್ರಿ. ಮನೆಯ ಬೇಸ್‌ಮೆಂಟ್‌ನಲ್ಲಿ ನಾನೇ ಮಾಡುತ್ತಿದ್ದ ಬಿಯರ್ 20 ಲೀಟರ್ ತುಂಬಿದ ಬಿಳಿ ಪ್ಲಾಸ್ಟಿಕ್ ಬಕೆಟ್ ಎದುರು ಕುಕ್ಕರಗಾಲಲ್ಲಿ ಕೂತು ಮುಚ್ಚಳದ ಮೇಲಿನ ಏರ್‌ಲಾಕ್ ನೋಡುತ್ತಿದ್ದೆ. ಒಳಗಿನ ಅನಿಲ ನೀರಿನ ಮೂಲಕ ಗುಳ್ಳೆಯಾಗಿ ಹೊರಬರುವ ಪುಟ್ಟ ಕೊಳವೆ ಅದು. ಯೀಸ್ಟ್ ಹಾಕಿ 30 ಗಂಟೆ ಆಗಿತ್ತು, ಒಂದೇ ಒಂದು ಗುಳ್ಳೆ ಇಲ್ಲ. ಅದೇ ಹೊತ್ತಿಗೆ ಊರಿಂದ ಅಮ್ಮನ ವಿಡಿಯೋ ಕಾಲ್. "ಯಾಕೋ ಮುಖ ಸಪ್ಪಗಿದೆ?" ಅಂದಳು. "ಹುದುಗು ಬರ್ತಿಲ್ಲಮ್ಮ" ಅಂತ ಬಾಯಿಗೆ ಬಂದಿದ್ದನ್ನು ಹೇಳಿಬಿಟ್ಟೆ. ಅವಳು ದೋಸೆ ಹಿಟ್ಟು ಅಂದುಕೊಂಡಳು. "ಆ ಚಳಿಲಿ ಎಲ್ಲಿ ಬರುತ್ತೋ, ಬೆಚ್ಚಗಿರೋ ಕಡೆ ಇಡು, ಬೆಳಗ್ಗೆ ಉಬ್ಬಿರುತ್ತೆ."

ನಾನು ಹಾಗೇ ಮಾಡಿದೆ. ಬಕೆಟ್ಟನ್ನು ಎತ್ತಿಕೊಂಡು ಹೋಗಿ ಮನೆ ಬಿಸಿ ಮಾಡುವ ಫರ್ನೇಸ್ ಪಕ್ಕ ಇಟ್ಟೆ. ಎರಡು ವಾರ ಬಿಟ್ಟು ರುಚಿ ನೋಡಿದರೆ ಒಂದು ಕಡೆ ಹಣ್ಣಾದ ಪಚ್ಚಬಾಳೆ, ಇನ್ನೊಂದು ಕಡೆ ನೈಲ್ ಪಾಲಿಶ್. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಹುದುಗು ಮೊದಲಿಂದಲೂ ಸರಿಯಾಗೇ ನಡೀತಿತ್ತು. ಬಕೆಟ್ ಮುಚ್ಚಳದ ರಬ್ಬರ್ ಒಂದು ಕಡೆ ಮಡಚಿಕೊಂಡಿತ್ತು, ಗಾಳಿಯೆಲ್ಲ ಅಲ್ಲಿಂದ ಹೋಗುತ್ತಿತ್ತು, ಏರ್‌ಲಾಕ್‌ಗೆ ಬರಲೇ ಇಲ್ಲ. ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟು ಆರೋಗ್ಯವಾಗಿದ್ದ ಬಿಯರನ್ನು ನಾನೇ ಕೆಡಿಸಿದ್ದೆ.

ಹತ್ತು ವರ್ಷದಲ್ಲಿ ನಾನು ನೋಡಿದ ಹುದುಗಿನ ಸಮಸ್ಯೆಗಳಲ್ಲಿ ಅರ್ಧಕ್ಕರ್ಧ ಇಂಥವೇ. ಅಳತೆ ಮಾಡದೆ ಗಾಬರಿಯಾಗೋದು, ಗಾಬರಿಯಲ್ಲಿ ಏನೋ ಒಂದು ಮಾಡೋದು.

ಊರಿಂದ ಓದುತ್ತಿರುವವರಿಗೆ ಮೊದಲೇ ಹೇಳಿಬಿಡ್ತೀನಿ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದ್ರೆ 750 ಲೀಟರಿಗೂ ಸ್ವಲ್ಪ ಜಾಸ್ತಿ. ಮಾರುವ ಹಾಗಿಲ್ಲ. ಹಾಗಿದ್ದೂ ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಆದ್ದರಿಂದ ಇದನ್ನು ಓದಿ ಅಡುಗೆಮನೆಗೆ ಓಡಬೇಡಿ.

ಸರಿ, ಬಕೆಟ್ ಒಳಗೆ ಏನು ನಡೆಯುತ್ತೆ ಅಂತ ನೋಡೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಲ್ಲಿ ನೆನೆಸಿಟ್ಟರೆ ಪಿಷ್ಟ ಸಕ್ಕರೆಯಾಗುತ್ತೆ. ಆ ಸಿಹಿ ನೀರನ್ನು ಸೋಸಿ, ಕಹಿ, ಪರಿಮಳ ಕೊಡುವ ಹಾಪ್ಸ್ ಹೂ ಹಾಕಿ ಕುದಿಸಿದರೆ ಸಿಗೋದು ವರ್ಟ್. ಅದು ತಣ್ಣಗಾದ ಮೇಲೆ ಯೀಸ್ಟ್ ಹಾಕುತ್ತೇವೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್, ಕಾರ್ಬನ್ ಡೈಆಕ್ಸೈಡ್ ಕೊಡುತ್ತೆ, ಜೊತೆಗೆ ಒಂದಿಷ್ಟು ವಾಸನೆಗಳನ್ನೂ ಕೊಡುತ್ತೆ. ದೋಸೆ ಹಿಟ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ದೋಸೆ ಹಿಟ್ಟಿಗೆ ನಾವು ಯಾರನ್ನೂ ಕರೆಯೋದಿಲ್ಲ. ಉದ್ದಿನಬೇಳೆ, ಅಕ್ಕಿ ಜೊತೆಗೆ ಬಂದ ಬ್ಯಾಕ್ಟೀರಿಯಾಗಳೇ ಸೇರಿಕೊಂಡು ಹುಳಿ ಬರಿಸುತ್ತವೆ, 30 ಡಿಗ್ರಿ ಸೆಕೆ ಅಂದ್ರೆ ಅವಕ್ಕೆ ಹಬ್ಬ. ಬಿಯರಿನಲ್ಲಿ ಕುದಿಸಿ ಎಲ್ಲರನ್ನೂ ಓಡಿಸಿ, ಒಬ್ಬನೇ ಒಬ್ಬ ಅತಿಥಿಯನ್ನು ಕರೆಯುತ್ತೇವೆ. ಆ ಅತಿಥಿಗೆ ಸೆಕೆ ಸೇರೋದಿಲ್ಲ. ಬಿಯರಿನಲ್ಲಿ ಎರಡು ದೊಡ್ಡ ಬಗೆ, ಏಲ್ ಮತ್ತು ಲಾಗರ್, ಎರಡಕ್ಕೂ ಯೀಸ್ಟ್ ಬೇರೆ. ಮಾಮೂಲಿ ಏಲ್ ಯೀಸ್ಟ್‌ಗೆ 18ರಿಂದ 21 ಡಿಗ್ರಿ ಸಾಕು, ಲಾಗರ್ ಯೀಸ್ಟ್‌ಗೆ 9ರಿಂದ 13. ಅಮ್ಮನ ಸಲಹೆ ದೋಸೆಗೆ ನೂರಕ್ಕೆ ನೂರು ಸರಿ, ನಾನು ಅದನ್ನು ತಪ್ಪು ಪಾತ್ರೆಗೆ ಹಾಕಿದೆ ಅಷ್ಟೇ.

ಇನ್ನು ಅಳತೆ. ಹೈಡ್ರೋಮೀಟರ್ ಅಂತ ಒಂದು ಗಾಜಿನ ಕಡ್ಡಿ ಬರುತ್ತೆ, ತಳದಲ್ಲಿ ಭಾರ, ಮೇಲೆ ಗೆರೆಗಳು. ನೀರಲ್ಲಿ ಬಿಟ್ಟರೆ 1.000 ಗೆರೆಯವರೆಗೆ ಮುಳುಗುತ್ತೆ. ಸಕ್ಕರೆ ಇರುವ ವರ್ಟ್ ದಪ್ಪ, ಹಾಗಾಗಿ ಅದರಲ್ಲಿ ಎತ್ತರಕ್ಕೆ ತೇಲಿ 1.050 ತೋರಿಸುತ್ತೆ ಅಂದುಕೊಳ್ಳಿ. ಯೀಸ್ಟ್ ಸಕ್ಕರೆ ತಿಂದ ಹಾಗೆಲ್ಲ ಕಡ್ಡಿ ಕೆಳಗಿಳಿಯುತ್ತೆ. ಕೊನೆಗೆ 1.012ಕ್ಕೆ ಬಂದು ನಿಂತರೆ, ವ್ಯತ್ಯಾಸ 0.038ನ್ನು 131ರಿಂದ ಗುಣಿಸಿ, ಹತ್ತಿರ ಹತ್ತಿರ ಶೇ. 5 ಆಲ್ಕೋಹಾಲ್. ಕಡ್ಡಿಯನ್ನು ಒಂದು ಸಲ ಬೆರಳಲ್ಲಿ ತಿರುಗಿಸಿ ಬಿಡಿ, ಅಂಟಿಕೊಂಡ ಗುಳ್ಳೆಗಳು ಬಿಟ್ಟುಹೋಗಲಿ, ಇಲ್ಲಾಂದ್ರೆ ಅವು ಕಡ್ಡಿಯನ್ನು ಮೇಲಕ್ಕೆತ್ತಿ ಸುಳ್ಳು ಲೆಕ್ಕ ಕೊಡುತ್ತವೆ. ಮೊದಲ ದಿನವೇ ಅಳೆದು ಬರೆದಿಡಿ. ಅದನ್ನು ಬರೆಯದೆ "ಹುದುಗು ನಿಂತಿದೆಯಾ?" ಅಂತ ಕೇಳೋದು, ಹೊರಟಿದ್ದೆಲ್ಲಿಂದ ಅಂತ ಗೊತ್ತಿಲ್ಲದೆ ಇನ್ನೆಷ್ಟು ದೂರ ಅಂತ ಕೇಳಿದ ಹಾಗೆ.

ಮೊದಲ ಸಮಸ್ಯೆ, ಶುರುವೇ ಆಗಿಲ್ಲ ಅನ್ನೋದು. ಹಾಕಿದ ಕೂಡಲೇ ಯೀಸ್ಟ್ ಕೆಲಸಕ್ಕಿಳಿಯೋದಿಲ್ಲ. ಮೊದಲು ವರ್ಟ್‌ನಲ್ಲಿರುವ ಆಮ್ಲಜನಕ ಹೀರಿ, ಮೈ ಕೂಡಿಸಿಕೊಂಡು, ಸಂಖ್ಯೆ ಬೆಳೆಸಿಕೊಳ್ಳುತ್ತೆ. ಇದಕ್ಕೆ 12ರಿಂದ 24 ಗಂಟೆ ಬೇಕು. ಯೀಸ್ಟ್ ಹಳೇದಾಗಿದ್ದರೆ, ಜಾಗ ತಣ್ಣಗಿದ್ದರೆ ಎರಡು ದಿನ, ಮೂರು ದಿನ. ಹಾಗಾಗಿ 72 ಗಂಟೆ ಆಗುವವರೆಗೆ ಕೈ ಕಟ್ಟಿಕೊಂಡಿರಿ. ಬಕೆಟ್ ಅರೆಪಾರದರ್ಶಕವಾಗಿದ್ದರೆ ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಬಿಡಿ. ದ್ರವದ ಮೇಲೆ ನಾಲ್ಕು ಬೆರಳಿನಷ್ಟು ನೊರೆಯ ನೆರಳು ಕಂಡರೆ ಎಲ್ಲ ಸರಿಯಿದೆ ಅಂತ ಅರ್ಥ, ಏರ್‌ಲಾಕ್ ಏನಾದರೂ ಹೇಳಲಿ. ಆ ದಿನ ನನ್ನ ಬಕೆಟ್ಟಿನಲ್ಲೂ ಇದು ಇದ್ದಿರಲೇಬೇಕು, ನಾನು ಟಾರ್ಚ್ ಬಿಟ್ಟು ನೋಡಲಿಲ್ಲ. ಮುಚ್ಚಳ ಸೋರುತ್ತಿದೆಯಾ ಅಂತ ತಿಳಿಯೋದಕ್ಕೂ ಸುಲಭ ಉಪಾಯ ಇದೆ. ಮುಚ್ಚಳದ ಮಧ್ಯ ಮೆಲ್ಲಗೆ ಒತ್ತಿ ಹಿಡಿಯಿರಿ. ಏರ್‌ಲಾಕ್ ನೀರು ಮೇಲೆದ್ದು ಅಲ್ಲೇ ನಿಂತರೆ ಬಿಗಿಯಾಗಿದೆ. ಎದ್ದು ತಕ್ಷಣ ಇಳಿದುಬಿಟ್ಟರೆ ಎಲ್ಲೋ ಸೋರಿಕೆ.

ಮೂರು ದಿನ ಆದಮೇಲೂ ನೊರೆ ಇಲ್ಲ, ಕಡ್ಡಿ 1.050ರಿಂದ ಕದಲಿಲ್ಲ ಅಂದ್ರೆ ಯೀಸ್ಟ್ ಸತ್ತಿದೆ. ಬಹುತೇಕ ನಾವೇ ಕೊಂದಿರುತ್ತೇವೆ. ಪೂರ್ತಿ ಆರದ ವರ್ಟ್‌ಗೆ ಸುರಿದಿರುತ್ತೇವೆ, 40 ಡಿಗ್ರಿ ದಾಟಿದರೆ ಅದು ಒದ್ದಾಡುತ್ತೆ, ಇನ್ನೂ ಮೇಲೆ ಹೋದರೆ ಮುಗೀತು. ಅಥವಾ ಬೇಸಿಗೆಯಲ್ಲಿ ಪೋಸ್ಟ್‌ಬಾಕ್ಸಿನೊಳಗೆ ಇಡೀ ದಿನ ಬೆಂದ ದ್ರವ ಯೀಸ್ಟ್ ಪ್ಯಾಕೆಟ್ ಇರಬಹುದು. ಇನ್ನೊಂದು ಪ್ಯಾಕೆಟ್ ಒಣ ಯೀಸ್ಟ್ ಹಾಕಿ, 20 ಲೀಟರಿಗೆ 11 ಗ್ರಾಂ ಚಿಲ್ಲರೆಯ ಒಂದು ಪ್ಯಾಕೆಟ್ ಸಾಕು. ಫ್ರಿಜ್ಜಲ್ಲಿ ಯಾವಾಗಲೂ ಒಂದು ಇಟ್ಟಿರಿ. ನಾನು ಉಪ್ಪಿನಕಾಯಿ ಬಾಟಲಿ ಹಿಂದೆ ಇಟ್ಟಿರ್ತೀನಿ.

ಎರಡನೇದು ನಿಜವಾದ ತಲೆನೋವು. ಶುರುವಾಯಿತು, ಜೋರಾಗಿ ನಡೆಯಿತು, 1.020ಕ್ಕೆ ಬಂದು ಕೂತುಬಿಟ್ಟಿತು. ವಾರ ಕಳೆದರೂ ಅಲ್ಲೇ. ಬಿಯರ್ ಮಾಡುವವರಲ್ಲಿ ಈ 1.020 ಅನ್ನೋದು ಒಂದು ಶಾಪದ ಹಾಗೆ.

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು ಯೀಸ್ಟ್ ನಿಂತಿದೆಯಾ ಅಥವಾ ತಿನ್ನೋಕೆ ಏನೂ ಉಳಿದಿಲ್ವಾ ಅಂತ. ಎರಡೂ ಬೇರೆ ಬೇರೆ. ಮಾಲ್ಟ್ ನೆನೆಸುವಾಗ ನೀರು 63ರಿಂದ 65 ಡಿಗ್ರಿ ಇದ್ದರೆ ಯೀಸ್ಟ್ ತಿನ್ನಬಲ್ಲ ಸಣ್ಣ ಸಕ್ಕರೆಗಳು ಜಾಸ್ತಿ ಹುಟ್ಟುತ್ತವೆ. 69, 70 ಡಿಗ್ರಿಗೆ ಹೋದರೆ ಉದ್ದುದ್ದ ಸರಪಳಿಯ ಡೆಕ್ಸ್‌ಟ್ರಿನ್ ಉಳಿದುಬಿಡುತ್ತೆ. ಮಾಮೂಲಿ ಯೀಸ್ಟ್ ಅದನ್ನು ಮುಟ್ಟೋದಿಲ್ಲ, ಎಷ್ಟು ದಿನ ಕಾದರೂ ಅಷ್ಟೇ. ಒಂದು ವರ್ಷ ನನ್ನ ಮೂರು ಬ್ಯಾಚ್ ಸಾಲಾಗಿ 1.020ಕ್ಕೆ ನಿಂತವು. ಯೀಸ್ಟ್ ಬದಲಾಯಿಸಿದೆ, ಬ್ರ್ಯಾಂಡ್ ಬದಲಾಯಿಸಿದೆ, ಪೋಷಕಾಂಶದ ಪುಡಿ ಹಾಕಿದೆ, ಏನೂ ಆಗಲಿಲ್ಲ. ಕೊನೆಗೊಂದು ದಿನ ಚಹಾಕ್ಕೆ ಇಟ್ಟ ನೀರು ಕುದಿಯುತ್ತಿರುವಾಗ ಸುಮ್ನೆ ನನ್ನ ಥರ್ಮಾಮೀಟರ್ ಅದ್ದಿ ನೋಡಿದೆ. ಕುದಿಯುವ ನೀರಲ್ಲಿ 96 ತೋರಿಸಿತು! ಅಂದ್ರೆ ನಾನು 66 ಅಂದುಕೊಂಡು ನೆನೆಸುತ್ತಿದ್ದುದು ಸುಮಾರು 70ರಲ್ಲಿ. ಪಾಪ ಯೀಸ್ಟ್‌ದು ಏನೂ ತಪ್ಪಿರಲಿಲ್ಲ.

ಇದನ್ನು ಊಹೆ ಮಾಡದೆ ಪತ್ತೆ ಹಚ್ಚೋಕೆ ಒಂದು ಪರೀಕ್ಷೆ ಇದೆ, ನನಗೆ ಗೊತ್ತಿರುವುದರಲ್ಲಿ ಇದಕ್ಕಿಂತ ಉಪಯೋಗದ್ದು ಬೇರೆ ಇಲ್ಲ. ಯೀಸ್ಟ್ ಹಾಕುವ ದಿನ ಒಂದು ಲೋಟದಷ್ಟು ವರ್ಟ್ ತೆಗೆದು ಬೇರೆ ಬಾಟಲಿಗೆ ಹಾಕಿ. ಅದಕ್ಕೆ ಒಣ ಯೀಸ್ಟ್ ಧಾರಾಳವಾಗಿ, ಅರ್ಧ ಚಮಚ ಉದುರಿಸಿ. ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ 25 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿಟ್ಟು, ಆಗಾಗ ಅಲ್ಲಾಡಿಸಿ. ರುಚಿ ಕೆಟ್ಟದಾಗಿರುತ್ತೆ, ಕುಡಿಯೋಕಲ್ಲ ಬಿಡಿ. ಮೂರ್ನಾಲ್ಕು ದಿನದಲ್ಲಿ ಅದು ಎಲ್ಲಿಗೆ ಬಂದು ನಿಲ್ಲುತ್ತೋ ಅದೇ ಆ ವರ್ಟ್‌ನ ಕೊನೆ ಗೆರೆ. ಬಾಟಲಿ 1.019ಕ್ಕೆ ನಿಂತಿತು, ಬಕೆಟ್ 1.020ರಲ್ಲಿದೆ ಅಂದ್ರೆ ಬಿಯರ್ ಮುಗಿದಿದೆ, ಸ್ವಲ್ಪ ದಪ್ಪ, ಸ್ವಲ್ಪ ಸಿಹಿ, ಅಷ್ಟೇ. ಬಾಟಲಿ 1.010ಕ್ಕೆ ಇಳಿದು ಬಕೆಟ್ ಮಾತ್ರ 1.020ರಲ್ಲಿ ಕೂತಿದ್ದರೆ ಯೀಸ್ಟ್ ನಿಜವಾಗಿಯೂ ನಿಂತಿದೆ.

ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಬಳಸುವವರು ಇನ್ನೊಂದು ಮಾತು ನೆನಪಿಡಿ. ಎರಡು ಹನಿ ಸಾಕು ಅಂತ ಎಲ್ಲರಿಗೂ ಅದು ಇಷ್ಟ. ಆದರೆ ಆಲ್ಕೋಹಾಲ್ ಬಂದಮೇಲೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ, ಲೆಕ್ಕ ಹಾಕಿ ತಿದ್ದಬೇಕು. ತಿದ್ದದೆ "ನಿಂತುಹೋಯ್ತು" ಅಂತ ಗೋಳಾಡಿದವರು ಬಹಳ ಜನ.

ನಿಜವಾಗಿ ನಿಂತಿದ್ದರೆ? ಬಹಳ ಸಲ ಕಾರಣ ಚಳಿ. ಮೊದಲ ಮೂರು ದಿನ ಹುದುಗು ತಾನೇ ಬಿಸಿ ಹುಟ್ಟಿಸುತ್ತೆ, ಬಕೆಟ್ ಒಳಗೆ ಕೋಣೆಗಿಂತ 3ರಿಂದ 5 ಡಿಗ್ರಿ ಜಾಸ್ತಿ ಇರಬಹುದು. ಆ ಭರಾಟೆ ಇಳಿದ ಮೇಲೆ ನಮ್ಮ ಬೇಸ್‌ಮೆಂಟಿನ ಸಿಮೆಂಟ್ ನೆಲ ಆ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತೆ, 20ರಿಂದ 15ಕ್ಕೆ ಬೀಳುತ್ತೆ, ಯೀಸ್ಟ್ ಮುದುಡಿಕೊಂಡು ತಳಕ್ಕೆ ಹೋಗಿ ಮಲಗುತ್ತೆ. ಈಗ, ಈ ಹಂತದಲ್ಲಿ, ಬೆಚ್ಚಗಿಡುವುದು ಸರಿ. ಬಕೆಟ್ಟನ್ನು ನೆಲದಿಂದ ಎತ್ತಿ ಸ್ಟೂಲ್ ಮೇಲಿಡಿ, ಕಂಬಳಿ ಸುತ್ತಿ, 21, 22 ಡಿಗ್ರಿಗೆ ತನ್ನಿ. ಮುಚ್ಚಳ ತೆರೆಯದೆ ಬಕೆಟ್ಟನ್ನೇ ಮೆಲ್ಲಗೆ ಸುತ್ತಿಸಿ, ತಳದ ಗಸಿ ಮೇಲೇಳಲಿ. ಸೌಟು ಹಾಕಿ ಕಲಕಬೇಡಿ, ಗಾಳಿ ಸೇರಿದರೆ ಬಿಯರಿಗೆ ಆಮೇಲೆ ನೆನೆದ ರಟ್ಟಿನ ರುಚಿ ಬರುತ್ತೆ. ನಾಲ್ಕೈದು ದಿನ ಕೊಡಿ.

ಅದಕ್ಕೂ ಬಗ್ಗದಿದ್ದರೆ ಹೊಸ ಯೀಸ್ಟ್ ಹಾಕಬೇಕು, ಆದರೆ ಪ್ಯಾಕೆಟ್ ಹರಿದು ನೇರ ಸುರಿದರೆ ಕೆಲಸ ಮಾಡೋದು ಕಡಿಮೆ. ಅಲ್ಲಿ ಈಗ ಆಲ್ಕೋಹಾಲ್ ಇದೆ, ಆಮ್ಲಜನಕ ಇಲ್ಲ, ಸುಲಭದ ಸಕ್ಕರೆಗಳೆಲ್ಲ ಖಾಲಿ. ಅರ್ಧ ಲೀಟರ್ ಹೊಸ ವರ್ಟ್‌ನಲ್ಲಿ ಯೀಸ್ಟ್ ಬೆಳೆಸಿ, ಅದು ನೊರೆ ಕಟ್ಟಿ ಉಕ್ಕುತ್ತಿರುವಾಗಲೇ ಬಕೆಟ್ಟಿಗೆ ಸೇರಿಸಿ. ಓಡುತ್ತಿರುವವನು ಹಾಗೇ ಓಡಿಕೊಂಡು ಒಳಗೆ ಹೋಗಲಿ ಅಂತ. ಶಾಂಪೇನ್ ಯೀಸ್ಟ್ ಹಾಕಿ ಅಂತ ಸಲಹೆ ಕೊಡುವವರು ಸಿಗುತ್ತಾರೆ, ಗಟ್ಟಿಮುಟ್ಟಾದ ಯೀಸ್ಟ್ ಅದು ನಿಜ. ಆದರೆ ವೈನ್ ಯೀಸ್ಟ್‌ಗಳು ಬಹುಪಾಲು ಮಾಲ್ಟೋಟ್ರಯೋಸ್ ಅನ್ನುವ ಸಕ್ಕರೆ ತಿನ್ನೋದಿಲ್ಲ, ಬಿಯರ್ ನಿಂತಾಗ ಉಳಿದಿರೋದು ಹೆಚ್ಚಾಗಿ ಅದೇ.

ಬಿಸಿಯ ಕಥೆ ಆಗಲೇ ಹೇಳಿದೆ. ಮೊದಲ ಮೂರು ದಿನ 24, 25 ದಾಟಿದರೆ ಬಹಳಷ್ಟು ಏಲ್ ಯೀಸ್ಟ್‌ಗಳು ಬಾಳೆಹಣ್ಣಿನ ವಾಸನೆಯ ಎಸ್ಟರ್, ಗಂಟಲು ಸುಡುವ ಭಾರದ ಆಲ್ಕೋಹಾಲ್ ಹುಟ್ಟಿಸುತ್ತವೆ. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು ಬೇಕೇ ಬೇಕು, ಅದರ ಯೀಸ್ಟೇ ಬೇರೆ. ನಿಮ್ಮದು ಅದಲ್ಲದಿದ್ದರೆ ಅದು ದೋಷ. ಬಂದಮೇಲೆ ಪರಿಹಾರ ಇಲ್ಲ, ಬರದ ಹಾಗೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ನಾನು ಬಕೆಟ್ಟನ್ನು ನೀರು ತುಂಬಿದ ಟಬ್ಬಿನೊಳಗಿಟ್ಟು, ಒದ್ದೆ ಟವೆಲ್ ಸುತ್ತಿ ಫ್ಯಾನ್ ಹಾಕುತ್ತೇನೆ. ಊರಲ್ಲಿ ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತುವುದಿಲ್ವಾ, ಅದೇ.

ವಾಸನೆಗಳ ವಿಷಯಕ್ಕೆ ಬಂದರೆ ಹೆಚ್ಚಿನವು ಕಾದರೆ ಹೋಗುತ್ತವೆ. ಲಾಗರ್ ಮಾಡುವಾಗ ಕೊಳೆತ ಮೊಟ್ಟೆ ನಾತ ಬಂದರೆ ಹೆದರಬೇಡಿ, ಅದು ಗಂಧಕದ ಅನಿಲ, ಗುಳ್ಳೆ ಜೊತೆ ಹಾರಿಹೋಗುತ್ತೆ. ಹಸಿ ಸೇಬಿನ ವಾಸನೆ ಬಂದರೆ ಅದು ಅಸಿಟಾಲ್ಡಿಹೈಡ್. ಸಕ್ಕರೆ ಆಲ್ಕೋಹಾಲ್ ಆಗುವ ದಾರಿಯಲ್ಲಿ ಅದು ಕೊನೆಯ ಮೆಟ್ಟಿಲು. ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಯೀಸ್ಟ್ ಜೊತೆಗೇ ಇನ್ನೊಂದು ವಾರ ಬಿಡಿ.

ಬೆಣ್ಣೆ ವಾಸನೆಗೆ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರೆ ಇದು ಮೋಸ ಮಾಡುತ್ತೆ. ಥಿಯೇಟರ್ ಪಾಪ್‌ಕಾರ್ನ್ ಇದೆಯಲ್ಲ, ಅದೇ ವಾಸನೆ, ಹೆಸರು ಡೈಅಸಿಟೈಲ್. ಯೀಸ್ಟ್ ಬೆಳೆಯುವಾಗ ಒಂದು ಪದಾರ್ಥವನ್ನು ಹೊರಗೆ ಬಿಡುತ್ತೆ, ಅದಕ್ಕೆ ವಾಸನೆ ಇಲ್ಲ. ಅದು ಬಿಯರಿನಲ್ಲಿ ತಾನಾಗೇ ನಿಧಾನಕ್ಕೆ ಡೈಅಸಿಟೈಲ್ ಆಗುತ್ತೆ, ಆಮೇಲೆ ಯೀಸ್ಟೇ ಅದನ್ನು ವಾಪಸ್ ನುಂಗಿ ಚೊಕ್ಕ ಮಾಡುತ್ತೆ. ಆ ಚೊಕ್ಕ ಮಾಡುವ ಮೊದಲೇ ನೀವು ತಣ್ಣಗೆ ಮಾಡಿಬಿಟ್ಟರೆ, ಬಾಟಲಿ ತುಂಬುವ ದಿನ ಏನೂ ಗೊತ್ತಾಗೋದಿಲ್ಲ, ಮೂರು ವಾರದ ನಂತರ ಬೆಣ್ಣೆ ಎದ್ದು ಬರುತ್ತೆ. ಅದಕ್ಕೇ ಲಾಗರ್ ಮುಗಿಯುತ್ತಾ ಬಂದಾಗ ಎರಡು ಮೂರು ದಿನ 18 ಡಿಗ್ರಿಗೆ ಏರಿಸುತ್ತಾರೆ. ಒಳಗೆ ಅಡಗಿದೆಯಾ ಅಂತ ತಿಳಿಯಬೇಕಾ? ಸ್ವಲ್ಪ ಬಿಯರ್ ಎರಡು ಲೋಟಕ್ಕೆ ಹಾಕಿ. ಒಂದನ್ನು ಮುಚ್ಚಿ 60 ಡಿಗ್ರಿಯ ಬಿಸಿನೀರಲ್ಲಿ ಅರ್ಧ ಗಂಟೆ ಇಡಿ, ಆಮೇಲೆ ತಣಿಸಿ ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ ಲೋಟದಲ್ಲಿ ಮಾತ್ರ ಬೆಣ್ಣೆ ಬಂದರೆ ಬಕೆಟ್ಟಿಗೆ ಇನ್ನೂ ನಾಲ್ಕು ದಿನ ಬೇಕು.

ಆಸ್ಪತ್ರೆ ಬ್ಯಾಂಡೇಜ್ ವಾಸನೆಗೆ ಮಾತ್ರ ಕಾದು ಪ್ರಯೋಜನವಿಲ್ಲ. ನಲ್ಲಿ ನೀರಿನ ಕ್ಲೋರಿನ್, ಕ್ಲೋರಮೈನ್ ಮಾಲ್ಟ್‌ನ ಅಂಶಗಳ ಜೊತೆ ಸೇರಿ ಆಗುವ ಕೆಲಸ ಅದು. ಕ್ಲೋರಮೈನ್ ಕುದಿಸಿದರೂ ಅಷ್ಟು ಸುಲಭಕ್ಕೆ ಹೋಗೋದಿಲ್ಲ. ಮುಂದಿನ ಸಲ ನೀರಿಗೆ ಇವೆರಡನ್ನೂ ತೆಗೆಯುವ ಕ್ಯಾಂಪ್ಡನ್ ಮಾತ್ರೆ ಕಾಲು ಭಾಗ ಪುಡಿ ಮಾಡಿ ಹಾಕಿ, 20 ಲೀಟರಿಗೆ ಅಷ್ಟು ಸಾಕು.

ಇನ್ನು "ಕೆಟ್ಟುಹೋಗಿದೆ" ಅನ್ನುವ ಗಾಬರಿ. ಮೊದಲ ಸಲ ಬಕೆಟ್ ತೆರೆದವರಿಗೆ ಕಂದು ಬಣ್ಣದ ನೊರೆ, ಗೋಡೆಗೆ ಅಂಟಿದ ಕೊಳಕು, ತೇಲುವ ಯೀಸ್ಟ್ ಮುದ್ದೆಗಳು ಕಂಡು ಹೊಟ್ಟೆ ತೊಳಸುತ್ತೆ. ಅದೆಲ್ಲ ಮಾಮೂಲಿ. ಬೇರೆ ಜೀವಿ ಸೇರಿದ್ದರೆ ಗುರುತು ಬೇರೆ. ಹಾಲಿನ ಕೆನೆಯ ಹಾಗೆ ತೆಳ್ಳನೆ ಬಿಳಿ ಪೊರೆ, ಒಣಗಿದ, ಸುಕ್ಕುಗಟ್ಟಿದ, ದೊಡ್ಡ ಗುಳ್ಳೆಗಳನ್ನು ಹೊತ್ತ ಪೊರೆ ಕಾಣುತ್ತೆ. ರುಚಿ ಮಜ್ಜಿಗೆಯಂತೆ ಹುಳಿಯಾದರೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ, ವಿನೆಗರ್ ಆದರೆ ಗಾಳಿ ಹೊಕ್ಕಿದೆ. ಈ ಪರಕೀಯರ ಕಾಟ ದೊಡ್ಡ ಕಾರ್ಖಾನೆಗಳಿಗೂ ಇತ್ತು. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ ಮೇಲೆಯೇ ಬ್ಯಾಚಿನಿಂದ ಬ್ಯಾಚಿಗೆ ಒಂದೇ ರುಚಿ ಅನ್ನೋದು ಕೈಗೆ ಸಿಕ್ಕಿದ್ದು. ನಮ್ಮ ಮಟ್ಟಿಗೆ ಶತ್ರು ಅಡಗೋದು ಬಕೆಟ್ಟಿನ ನಲ್ಲಿಯೊಳಗೆ. ಬಿಚ್ಚಿ ನೋಡಿ, ಕಂದು ಅಂಟು ಕೂತಿರುತ್ತೆ. ಮೊದಲು ಉಜ್ಜಿ ತೊಳೆಯಬೇಕು, ಆಮೇಲೆ ಸ್ಯಾನಿಟೈಜರ್. ಕೊಳೆ ಮೇಲೆ ಸ್ಯಾನಿಟೈಜರ್ ಸುರಿದರೆ ದಂಡ. ಒಳಗೆ ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಕಾರು ತೊಳೆಯೋಕೆ ಇಟ್ಟುಕೊಳ್ಳಿ.

ಕೊನೆಯದು, ಅಪಾಯದ್ದು. ಮುಗಿಯದ ಬಿಯರನ್ನು ಮುಗಿಯಿತು ಅಂತ ಬಾಟಲಿಗೆ ತುಂಬೋದು. ಗಾಜು ಸಿಡಿದು ಕಣ್ಣಿಗೆ ಬೀಳಬಹುದು, ತಮಾಷೆ ಅಲ್ಲ. ಲೆಕ್ಕ ನೋಡಿ. ಗ್ಯಾಸ್ ಬರಲಿ ಅಂತ 20 ಲೀಟರಿಗೆ 120 ಗ್ರಾಂ ಸಕ್ಕರೆ ಹಾಕುತ್ತೇವೆ. ಮೊದಲೇ ಕರಗಿರುವುದೂ ಸೇರಿ, ಒಂದು ಲೀಟರ್ ಬಿಯರಿನಲ್ಲಿ ಸುಮಾರು ಎರಡೂಕಾಲು ಲೀಟರಿಗೆ ಸ್ವಲ್ಪ ಜಾಸ್ತಿ ಅನಿಲ ಕರಗಿರುತ್ತೆ. ಇದು ಹದ. ಆದರೆ ಬಕೆಟ್ ಇನ್ನೂ 1.016ರಿಂದ 1.012ಕ್ಕೆ ಇಳಿಯುವುದಿತ್ತು ಅನ್ನಿ. ಆ ನಾಲ್ಕೇ ನಾಲ್ಕು ಗೆರೆ ಇನ್ನೆರಡು ಲೀಟರ್ ಅನಿಲ ಸೇರಿಸುತ್ತೆ. ಒಟ್ಟು ನಾಲ್ಕು ದಾಟಿತು, ಮಾಮೂಲಿ ಬಿಯರ್ ಬಾಟಲಿಗೆ ಮೂರು ದಾಟಿದರೇ ಕಷ್ಟ. ಅದಕ್ಕೇ ಮೂರು ದಿನ ಬಿಟ್ಟು ಬಿಟ್ಟು ಎರಡು ಸಲ ಅಳೆಯಿರಿ, ಎರಡೂ ಸಲ ಒಂದೇ ಬಂದರೆ ಮಾತ್ರ ತುಂಬಿ. ಸೇಸನ್ ತರಹದ ಬೆಲ್ಜಿಯನ್ ಬಿಯರಿಗೆ ಬಳಸುವ ಕೆಲವು ಯೀಸ್ಟ್‌ಗಳು ಡಯಾಸ್ಟಾಟಿಕಸ್ ಜಾತಿಯವು, ಬೇರೆಯವು ಮುಟ್ಟದ ಡೆಕ್ಸ್‌ಟ್ರಿನ್ನನ್ನೂ ಒಡೆದು ನಿಧಾನಕ್ಕೆ ತಿನ್ನುತ್ತವೆ. ಅವನ್ನು ಬಳಸಿದ ನಲ್ಲಿ, ಪೈಪು ಸರಿಯಾಗಿ ತೊಳೆಯದಿದ್ದರೆ ಮುಂದಿನ ಬ್ಯಾಚ್ ಬಾಟಲಿಯಲ್ಲಿ ತಿಂಗಳ ನಂತರ ಎದ್ದು ಕೂರುತ್ತೆ.

ಈಗಾಗಲೇ ತುಂಬಿಟ್ಟಿದ್ದೀರಿ, ಒಂದು ಬಾಟಲಿ ತೆಗೆದರೆ ಅರ್ಧ ನೊರೆಯಾಗಿ ಸೂರಿಗೆ ಚಿಮ್ಮಿತು ಅಂದ್ರೆ, ಉಳಿದವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಂಡು, ಟವೆಲ್ ಸುತ್ತಿ ಎತ್ತಿ ಒಂದೊಂದಾಗಿ ಫ್ರಿಜ್ಜಿಗೆ ಸೇರಿಸಿ. ತಣ್ಣಗಾದಾಗ ಯೀಸ್ಟ್ ಮಲಗುತ್ತೆ, ಅನಿಲ ಬಿಯರಿನೊಳಗೇ ಕರಗಿ ಒತ್ತಡ ಇಳಿಯುತ್ತೆ. ಒಂದು ದಿನ ಬಿಟ್ಟು ಮುಚ್ಚಳ ಚೂರೇ ಚೂರು ಎತ್ತಿ ಉಸ್ ಅನ್ನಿಸಿ ಮತ್ತೆ ಒತ್ತಿ. ಫ್ರಿಜ್ಜಲ್ಲಿ ಜಾಗ ಇಲ್ಲ, ಹೊರಗೆ ಹೇಗೂ ಮೈನಸ್ 20 ಇದೆಯಲ್ಲ ಅಂತ ನನಗೂ ಒಂದು ಸಲ ಅನಿಸಿತ್ತು. ಹಿಮದಲ್ಲಿ ಸಾಲಾಗಿ ನಿಲ್ಲಿಸಿ ಬಂದೆ. ಬೆಳಗ್ಗೆ ಹೋಗಿ ನೋಡಿದರೆ ಬಿಯರೆಲ್ಲ ಹೆಪ್ಪುಗಟ್ಟಿ ಉಬ್ಬಿ, ಒಡೆಯದೇ ಉಳಿದಿದ್ದು ಎರಡೇ ಬಾಟಲಿ.